ರಜಕ್ಕೆ ಬಂದಿರೋ ತಮ್ಮ ಮನೆಯೊಳಗೆ ಮಲಗ್ತಿಲ್ಲ, ಈ ಸೆರೆ ಟ್ರೈನಿಂಗ್ ಬಗ್ಗೆ ಗೊತ್ತಿರೋರು ಯಾರಾದ್ರೂ ಇದ್ರೆ ಹೇಳಿ

ಶ್ರೀನಿವಾಸಪುರದಕ್ಕ
ಸೋಮವಾರ ರಾತ್ರಿ 10:42

ಎಲ್ರಿಗೂ ನಮಸ್ಕಾರ. ನಮ್ದು ಶ್ರೀನಿವಾಸಪುರ ತಾಲೂಕು, ಊರ ಹೆಸ್ರು ಬೇಡ. ನನ್ ತಮ್ಮ ಮಿಲಿಟ್ರಿಲವ್ನೆ, ಸೇರಿ ಏಳು ವರ್ಷ ಆಯ್ತು. ಯಾವ ಯುನಿಟ್ಟು ಎಲ್ಲಿ ಅಂತ ಕೇಳ್ಬೇಡಿ, ನಮಗೇ ಅವ್ನು ಸರಿಯಾಗಿ ಹೇಳಿಲ್ಲ. ಹೋದ ಸಲ ಬಂದಾಗ ಮಾವಿನ ತೋಪಲ್ಲಿ ಹುಡುಗರ ಜೊತೆ ಕ್ರಿಕೆಟ್ ಆಡ್ಕೊಂಡು ರಾತ್ರಿ ಹನ್ನೆರಡಾದ್ರೂ ಹರಟೆ ಹೊಡ್ಕೊಂಡಿದ್ದೋನು ಈ ಸಲ ಬೇರೆ ಯಾರೋ ಬಂದಂಗವ್ನೆ. ರಾತ್ರಿ ಎಲ್ರೂ ಮಲಗಿದ್ಮೇಲೆ ಎದ್ದು ಹೋಗಿ ಕೊಟ್ಟಿಗೆಲಿ ಹಸುಗಳ ಪಕ್ಕ ಚಾಪೆ ಹಾಕ್ಕೊಂಡು ಮಲಗ್ತಾನೆ, ಬೆಳಗ್ಗೆ ಅಮ್ಮ ಡೇರಿಗೆ ಹಾಲು ಕರೆಯೋಕೆ ಹೋದಾಗ ಗೊತ್ತಾಗಿದ್ದು.

ಹೋದ ಭಾನುವಾರ ಕಟಿಂಗ್ ಶಾಪಿಗೆ ಹೋಗಿದ್ದ. ಶೇವಿಂಗ್ ಆದ್ಮೇಲೆ ಆ ಹುಡುಗ ಒದ್ದೆ ಟವಲ್ ಮುಖದ ಮೇಲೆ ಹಾಕಿದ್ದಾನೆ ಅಷ್ಟೇ, ಇವ್ನು ಅವ್ನ ಕೈ ತಿರುಚಿ ನೆಲಕ್ಕೆ ಒತ್ತಿಬಿಟ್ಟಿದ್ದಾನೆ. ಆಮೇಲೆ ಇವ್ನೇ ಕೂತ್ಕೊಂಡು ಅತ್ತನಂತೆ. ಅಂಗಡಿಯೋರು ನಮ್ಮೋರೇ, ಅದಕ್ಕೆ ಅಲ್ಲಿಗೆ ಮುಗೀತು. ಇದೆಲ್ಲಕ್ಕಿಂತ ನಂಗೆ ಹೊಟ್ಟೆ ಉರಿಯೋದು ಏನಂದ್ರೆ ನನ್ ಮಗು ಎಂಟು ತಿಂಗಳದು, ಅದನ್ನ ನೋಡೋಕಂತ್ಲೇ ರಜ ಹಾಕ್ಕೊಂಡು ಬಂದೋನು ಇವತ್ತಿಗೂ ಒಂದ್ಸಲ ಎತ್ಕೊಂಡಿಲ್ಲ.

ನಮ್ಮನೆಯವ್ರ ಹತ್ರ ಒಂದೇ ಒಂದ್ಸಲ ಬಾಯಿ ಬಿಟ್ಟವ್ನೆ. "ಅದು ಡ್ರಾಮಾ ಭಾವ, ಶತ್ರು ಕೈಗೆ ಸಿಕ್ಕಿಬಿದ್ರೆ ಹೆಂಗಿರ್ಬೇಕು ಅಂತ ಕಲಿಸೋದು, ನಮ್ಮೋರೇ ಶತ್ರು ವೇಷ ಹಾಕಿರ್ತಾರೆ. ಆದ್ರೆ ನಾನು ಹೇಳ್ಬಿಟ್ಟೆ." ಏನ್ ಹೇಳ್ದೆ ಯಾರಿಗೆ ಹೇಳ್ದೆ ಅಂದ್ರೆ ಉತ್ರ ಇಲ್ಲ. ಅಮ್ಮ ಮುರುಗಮಲ್ಲ ದರ್ಗಾಕ್ಕೆ ಕರ್ಕೊಂಡೋಗಿ ತಾಯತ ಕಟ್ಸೋಣ ಅಂತವ್ರೆ. ಡ್ರಾಮಾ ಅಂತ ಗೊತ್ತಿದ್ರೆ ಇಷ್ಟೊಂದು ಯಾಕೆ ಆಗುತ್ತೆ, ಅದೇ ನಂಗೆ ಅರ್ಥ ಆಗ್ತಿಲ್ಲ.

ಮಧುಗಿರಿ_ಏಕಶಿಲೆ
ಸೋಮವಾರ ರಾತ್ರಿ 11:05

ಅಕ್ಕಾ ಬೇಜಾರ್ ಮಾಡ್ಕೋಬೇಡಿ, ಇದು ಆ ಲೆವೆಲ್ ಟ್ರೈನಿಂಗಲ್ಲಿ ಕಾಮನ್. ನಾನು ತುಮಕೂರಲ್ಲಿ ಅಕಾಡೆಮಿಗೆ ಹೋಗ್ತಿದೀನಿ, ನಮ್ ಕೋಚ್ ದಿನಾ ಹೇಳ್ತಾರೆ ಸೈನಿಕ ಅಂದ್ಮೇಲೆ ತಡ್ಕೊಬೇಕು ಅಂತ. ಕಾರ್ಯಪ್ಪ ಸಾಹೇಬ್ರ ಮಗ ಪಾಕಿಸ್ತಾನದಲ್ಲಿ ಸೆರೆ ಇದ್ದಾಗ ಅವ್ರ ಅಪ್ಪನೇ ಸ್ಪೆಷಲ್ಲಾಗಿ ಬಿಡೋದು ಬೇಡ ಅಂದ್ರಂತೆ. ಆ ಕಾಲದೋರಿಗೆ ಯಾವ ಕೌನ್ಸೆಲಿಂಗು ಇರ್ಲಿಲ್ಲ. ಈಗ ಸುಮ್ನೆ ಮೂರು ದಿನ ಕಟ್ಟಾಕಿದ್ದಕ್ಕೇ ಹಿಂಗಂದ್ರೆ ನಿಜವಾಗ್ಲೂ ಸಿಕ್ಕಿಬಿದ್ರೆ ಹೆಂಗೆ? ಸ್ವಲ್ಪ ದಿನ ಬಿಡಿ ಸರಿ ಹೋಗ್ತಾರೆ. ಜೈ ಹಿಂದ್.

ಮುಳಬಾಗ್ಲು_ದೋಸೆ
ಸೋಮವಾರ ರಾತ್ರಿ 11:11

ಮಗಾ ಅಕಾಡೆಮಿಲಿ 1600 ಮೀಟರ್ ಓಡಿದ್ಕೆ ಇಷ್ಟು ಮಾತಾಡ್ತೀಯಾ, ಇನ್ನು ಸೆಲೆಕ್ಟ್ ಆದ್ರೆ ನಮ್ಮನ್ನ ಯಾರು ಕಾಪಾಡ್ತಾರೆ. ಅಕ್ಕಾ ಚಿಂತಾಮಣಿ ಸುಬೇದಾರ್ ಸಾಬ್ರನ್ನ ಕೇಳಿ, ಅವ್ರು ಇಲ್ಲೇ ಇರ್ತಾರೆ.

ಸುಬೇದಾರ್_ಚಿಂತಾಮಣಿ
ಮಂಗಳವಾರ ಬೆಳಗ್ಗೆ 5:20

ನೋಡ್ದೆ ತಾಯಿ. 24 ವರ್ಷ ಸರ್ವೀಸ್ ಮಾಡಿ ಬಂದು ಈಗ ರೇಷ್ಮೆ ಗೂಡು ಎಣಿಸ್ಕೊಂಡಿದೀನಿ, ಗೊತ್ತಿರೋಷ್ಟು ಹೇಳ್ತೀನಿ. ನಿಮ್ ತಮ್ಮನ ಟ್ರೈನಿಂಗ್ ಎಲ್ಲಿ ಏನು ಅನ್ನೋದು ನಂಗೂ ಬೇಡ, ಹೇಳೋದೂ ತಪ್ಪು. ಹೊರಗಡೆ ದೇಶದ್ದು ಪುಸ್ತಕದಲ್ಲೇ ಬಂದಿದೆ, ಅದ್ನ ಹೇಳಿದ್ರೆ ನಿಮಗೆ ಅರ್ಥ ಆಗುತ್ತೆ.

ಮೊದ್ಲು ಮಧುಗಿರಿ ಹುಡುಗನಿಗೆ ಒಂದ್ಮಾತು. ಕಾರ್ಯಪ್ಪನವ್ರ ವಿಷ್ಯ ನಿಜ, 1965ರ ಸೆಪ್ಟೆಂಬರ್ 22, ಯುದ್ಧ ಮುಗಿಯೋ ಹೊತ್ತಿಗೆ ಮಗನ ವಿಮಾನ ಬಿತ್ತು, ಸೆರೆ ಸಿಕ್ಕಿದ್ರು. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಳೇ ಪರಿಚಯ, ಬಿಡ್ತೀನಿ ಅಂದ್ರೂ ಅಪ್ಪ ಒಪ್ಪಲಿಲ್ಲ, ಅಲ್ಲಿರೋ ಸೆರೆಯಾಳುಗಳೆಲ್ಲ ನನ್ ಮಕ್ಕಳೇ ಅಂದ್ಬಿಟ್ರು. ಮಗ ವಾಪಸ್ ಬಂದಿದ್ದು 1966ರ ಜನವರಿಗೆ. ದೊಡ್ಡ ಮಾತು, ಇಲ್ಲ ಅನ್ನಲ್ಲ. ಆದ್ರೆ ಅದು ಅಪ್ಪ ಹೇಳಿದ್ದು ಕಣಪ್ಪ. ಒಳಗಡೆ ಒಬ್ನೇ ಕೂತಿದ್ದೋನಿಗೆ ರಾತ್ರಿ ಹೆಂಗಿತ್ತು ಅಂತ ನೀನೂ ಕೇಳಿಲ್ಲ, ನಿಮ್ ಕೋಚೂ ಕೇಳಿಲ್ಲ.

ಈಗ ನಿಮ್ ಪ್ರಶ್ನೆ. ಈ ತರಬೇತಿ ಹುಟ್ಟಿದ್ದೇ "ಹೇಳ್ಬಿಟ್ಟೆ" ಅನ್ನೋ ಮಾತಿಂದ. ಕೊರಿಯಾ ಯುದ್ಧದಲ್ಲಿ ಸೆರೆ ಸಿಕ್ಕಿದ ಅಮೆರಿಕದೋರು ಎಷ್ಟೋ ಜನ ಕ್ಯಾಮೆರಾ ಮುಂದೆ, ರೇಡಿಯೋಲಿ ಶತ್ರು ಹೇಳ್ಕೊಟ್ಟಿದ್ದನ್ನ ಹೇಳಿದ್ರು, 21 ಜನ ಅಂತೂ ಯುದ್ಧ ಮುಗಿದ್ಮೇಲೂ ಊರಿಗೆ ವಾಪಸ್ ಹೋಗಲ್ಲ ಅಂತ ಚೀನಾ ಕಡೆಗೆ ಹೋದ್ರು. ಅಲ್ಲಿ ದೊಡ್ಡ ಗಲಾಟೆ ಆಗಿ 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಆರು ಕಲಮಿನ ಒಂದು ನಿಯಮ ಮಾಡಿದ್ರು. ಸಿಕ್ಕಿಬಿದ್ರೆ ಹೆಸರು, ರ‍್ಯಾಂಕು, ನಂಬರು, ಹುಟ್ಟಿದ ತಾರೀಕು, ಅಷ್ಟೇ ಹೇಳ್ಬೇಕು. ಅದನ್ನ ಕಲಿಸೋಕೆ ಬದುಕು, ತಪ್ಪಿಸ್ಕೋ, ಎದುರು ನಿಲ್ಲು, ಪಾರಾಗು ಅಂತ ಸೀರ್ ಶಾಲೆಗಳು ಬೆಳೆದ್ವು. ಮೊದ್ಲು ಕಾಡಲ್ಲಿ ಊಟ ಇಲ್ದೆ ಅಲೆಸ್ತಾರೆ, ಆಮೇಲೆ ಹಿಡೀತಾರೆ, ತಲೆಗೆ ಚೀಲ, ನಿದ್ದೆ ಇಲ್ಲ, ಚಳಿ, ಸಣ್ಣ ಪೆಟ್ಟಿಗೆಲಿ ಮುದುರಿ ಕೂರಿಸೋದು, ಪ್ರಶ್ನೆ ಮೇಲೆ ಪ್ರಶ್ನೆ.

ಆದ್ರೆ ವಿಯೆಟ್ನಾಂನಲ್ಲಿ ಏನಾಯ್ತು ಅಂದ್ರೆ ನಾಲ್ಕೇ ಮಾತು ಹೇಳ್ತೀನಿ ಅಂತ ಪ್ರಮಾಣ ಮಾಡಿದ್ದೋರಲ್ಲಿ ಹೆಚ್ಚುಕಮ್ಮಿ ಎಲ್ರೂ, ಗಟ್ಟಿಗರು, ವರ್ಷಗಟ್ಟಲೆ ಹೊಡೆತ ತಿಂದೋರು, ಒಂದಲ್ಲ ಒಂದು ದಿನ ಏನಾದ್ರೊಂದು ಹೇಳಿದ್ರು. ಹೇಳ್ಬಿಟ್ಟು ಸೆಲ್ಲಿಗೆ ಬಂದು ನಾನು ದೇಶದ್ರೋಹಿ ಅಂತ ಗೋಡೆಗೆ ತಲೆ ಚಚ್ಕೊಳ್ಳೋರು. ಆಗ ಪಕ್ಕದ ಸೆಲ್ಲಿನೋನು ಗೋಡೆ ಮೇಲೆ ತಟ್ಟಿ ಸಮಾಧಾನ ಹೇಳೋನು. ಐದು ಸಾಲು ಐದು ಮನೆ ಅಕ್ಷರದ ಚೌಕ, ಮೊದ್ಲ ತಟ್ಟು ಸಾಲಿಗೆ, ಎರಡ್ನೇದು ಮನೆಗೆ. ಅಲ್ಲಿ ಏಳು ವರ್ಷದ ಮೇಲೆ ಇದ್ದ ಸ್ಟಾಕ್‌ಡೇಲ್ ಅನ್ನೋ ನೇವಿ ಆಫೀಸರ್ ಕಡೆಯೋರು ಕಲಿತಿದ್ದು ಇಷ್ಟೇ, ಆಗೋಷ್ಟು ತಡಿ, ಮುರಿದ್ರೆ ಸುಧಾರಿಸ್ಕೊಂಡು ಎದ್ದು ನಾಳೆ ಮತ್ತೆ ಮೊದ್ಲಿಂದ ಎದುರು ನಿಲ್ಲು. 1977ರಲ್ಲಿ ಆ ಅಮೆರಿಕದ ನಿಯಮದಲ್ಲೇ ಎರಡು ಶಬ್ದ ತಿದ್ದಿದ್ರು. ನಾಲ್ಕು ಮಾತು ಮಾತ್ರ ಹೇಳೋಕೆ ಕಟ್ಟುಬಿದ್ದಿದೀನಿ ಅಂತ ಇದ್ದಿದ್ದು, ಆ ನಾಲ್ಕು ಹೇಳಬೇಕಾಗಿದೆ ಅಂತ ಆಯ್ತು, "ಮಾತ್ರ" ಅನ್ನೋದು ಹೋಯ್ತು. ಎರಡೇ ಶಬ್ದ ತಾಯಿ, ಆದ್ರೆ ವಾಪಸ್ ಬಂದೋರ ಎದೆ ಮೇಲಿಂದ ಅದು ಎಷ್ಟು ಭಾರ ಇಳಿಸಿರುತ್ತೆ.

ಅದಕ್ಕೆ ನಿಮ್ ತಮ್ಮಂಗೆ ಹೇಳಿ, ಈ ಟ್ರೈನಿಂಗಲ್ಲಿ ಮುರೀದೆ ಇರೋನು ಇಲ್ಲ. ಮುರಿಯೋ ಹಂಗೇ ಮಾಡಿರ್ತಾರೆ, ನಿನ್ ಗಡಿ ಎಲ್ಲಿದೆ ಅಂತ ನಿನಗೆ ಗೊತ್ತಾಗ್ಲಿ ಅಂತ. ನಾನೂ ಹೇಳಿದೀನಿ. ಏನ್ ಹೇಳ್ದೆ ಅಂದ್ರೆ ನಗ್ತೀರಾ, ನಮ್ ಕೆರೆ ಹೆಸ್ರು ಹೇಳಿದೆ. ನಮ್ಮೂರ ಕೆರೆ! ಯಾವ ಶತ್ರುಗೆ ಬೇಕು ಅದು? ಆದ್ರೂ ಎರಡು ವರ್ಷ ನಿದ್ದೆ ಬಂದಿಲ್ಲ.

ಒಂದು ಕೇಳ್ತೀನಿ. ಮಗು ನಗ್ತಾ ಇದ್ದಾಗ್ಲೂ ಅವ್ನು ಹತ್ರ ಬರಲ್ವಾ, ಇಲ್ಲ ಅಳೋವಾಗ ಮಾತ್ರ ಎದ್ದು ಹೋಗ್ತಾನಾ?

ಗೌರಿಬಿದನೂರು_ಸವಿತಾ
ಮಂಗಳವಾರ ಬೆಳಗ್ಗೆ 8:47

ಸುಬೇದಾರ್ ಸಾಬ್ರೆ ಕೊನೇ ಪ್ರಶ್ನೆ ಓದಿ ಮೈ ಜುಮ್ ಅಂತು ಯಾಕೋ. ನಮ್ ಯಜಮಾನ್ರು ಏರ್‌ಫೋರ್ಸ್, ಫ್ಲೈಯಿಂಗ್ ಅಲ್ಲ. ಆದ್ರೆ ಅವ್ರ ಜೊತೆಯೋರೊಬ್ರು ಹಿಂಗೇ, ಕ್ಯಾಂಪ್ ಮುಗಿಸ್ಕೊಂಡು ಬಂದ್ಮೇಲೆ ಕುಕ್ಕರ್ ಕೂಗಿದ್ರೆ ಗೋಡೆಗೆ ಮುಖ ಮಾಡಿ ನಿಂತ್ಬಿಡೋರು. ಅವ್ರ ಹೆಂಡ್ತಿ ಒಂದು ವರ್ಷ ಕುಕ್ಕರಲ್ಲಿ ಅಡುಗೆ ಮಾಡ್ಲಿಲ್ಲ, ಪಾತ್ರೆಲೇ ಬೇಳೆ ಬೇಯಿಸೋಳು. ಯಾರಿಗೂ ಹೇಳ್ಲಿಲ್ಲ ಪಾಪ, ಗ್ಯಾಸ್ ಉಳಿಸೋಕೆ ಅಂತ ನಾವು ಆಡ್ಕೋತಿದ್ವಿ.

ಕೋಲಾರ_ಸಿಸ್ಟರ್
ಮಂಗಳವಾರ ಮಧ್ಯಾಹ್ನ 2:15

ಡ್ಯೂಟಿ ಮಧ್ಯೆ ಟೈಪ್ ಮಾಡ್ತಿದೀನಿ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ನಾನು ಮಾನಸಿಕ ಆರೋಗ್ಯ ವಿಭಾಗದಲ್ಲಿ ನರ್ಸು. "ಡ್ರಾಮಾ ಅಂತ ಗೊತ್ತಿದ್ರೂ ಯಾಕೆ" ಅಂತ ಕೇಳಿದ್ರಲ್ಲಾ ಅಕ್ಕ, ಅದನ್ನೇ ಅಳತೆ ಮಾಡಿ ನೋಡಿದೋರು ಇದಾರೆ. ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಮಾರ್ಗನ್ ಅನ್ನೋ ಸೈಕಿಯಾಟ್ರಿಸ್ಟು ಅಮೆರಿಕದ ಸೈನ್ಯದ ಈ ಸರ್ವೈವಲ್ ಶಾಲೆಗೇ ಹೋಗಿ ಅಲ್ಲಿನ ಸೈನಿಕರ ಎಂಜಲು ರಕ್ತ ಎಲ್ಲ ಟೆಸ್ಟ್ ಮಾಡಿದ್ರು. ಭಯದ ಹಾರ್ಮೋನ್ ಕಾರ್ಟಿಸೋಲ್ ದೊಡ್ಡ ಆಪರೇಷನ್ ಆಗೋರಲ್ಲಿ ಏರೋ ಮಟ್ಟಕ್ಕೆ ಏರಿತ್ತು, ಟೆಸ್ಟೋಸ್ಟೆರೋನು ತಳ ಹಿಡಿದಿತ್ತು. ಅಂದ್ರೆ ತಲೆಗೆ ಗೊತ್ತು ಇದು ನಾಟಕ ಅಂತ, ಆದ್ರೆ ಮೈಗೆ ಯಾರೂ ಹೇಳಿರಲ್ಲ. ಎರಡು ದಿನ ನಿದ್ದೆ ಊಟ ಇಲ್ದಿದ್ಮೇಲೆ ತಲೆಗೂ ಮರೆತೋಗುತ್ತೆ.

ಇನ್ನೊಂದು 2004ರಲ್ಲಿ ಅವ್ರದ್ದೇ ಬಂತು, ಅದು ನಂಗೆ ಈಗ್ಲೂ ವಿಚಿತ್ರ ಅನ್ಸುತ್ತೆ. 500ಕ್ಕೂ ಜಾಸ್ತಿ ಸೈನಿಕರು. ಒಂದು ವಿಚಾರಣೆ ಜೋರು, ಮೈ ಮೇಲೆ ಕೈ ಮಾಡೋದು, ಇನ್ನೊಂದು ಬರೀ ಮಾತಲ್ಲಿ. ಎರಡೂ ಎದುರೆದುರೇ ಕೂರಿಸ್ಕೊಂಡು ಸುಮಾರು 40 ನಿಮಿಷ. ಮಾರನೇ ದಿನ ಸಾಲಾಗಿ ಜನ ನಿಲ್ಲಿಸಿ ನಿನ್ನನ್ನ ವಿಚಾರಣೆ ಮಾಡಿದ್ದು ಇದ್ರಲ್ಲಿ ಯಾರು ಅಂತ ಕೇಳಿದ್ರೆ, ಮೆತ್ತಗೆ ಕೇಳಿದೋನ್ನ ನೂರಕ್ಕೆ 62 ಜನ ಸರಿಯಾಗಿ ತೋರಿಸಿದ್ರು, ಜೋರಾಗಿ ಮಾಡಿದೋನ್ನ ಬರೀ 30 ಜನ. ಮುಖದ ಹತ್ರ ಮುಖ ಇಟ್ಟು ಕಿರುಚಿದೋನ ಮುಖವೇ ನೆನಪಿಲ್ಲ! ಅದಕ್ಕೆ ದಯವಿಟ್ಟು "ಏನಾಯ್ತು ಮೊದ್ಲಿಂದ ಹೇಳು" ಅಂತ ತಮ್ಮನ್ನ ಕೂರಿಸ್ಕೊಂಡು ಕೇಳ್ಬೇಡಿ. ಮುಚ್ಚಿಡ್ತಾವ್ನೆ ಅಂತ ನಿಮಗೆ ಅನ್ಸುತ್ತೆ, ಅವ್ನಿಗೆ ಅಲ್ಲಿ ಸಾಲಾಗಿ ಏನೂ ಇರಲ್ಲ, ತುಂಡು ತುಂಡು ಇರುತ್ತೆ, ಟವಲ್ಲು, ಶಬ್ದ, ವಾಸನೆ. ನಾನು ಮೇಲಿಂದ ನನ್ನನ್ನೇ ನೋಡ್ತಿದ್ದೆ, ಟೈಮ್ ನಿಂತೋಗಿತ್ತು ಅಂತಾನೂ ಹೇಳ್ತಾರೆ, ಆ ಶಾಲೆಲಿ ಹೆಚ್ಚುಕಮ್ಮಿ ಎಲ್ರಿಗೂ ಹಂಗಾಗಿದೆ. ಅದು ಹುಚ್ಚಲ್ಲ.

ಮಧುಗಿರಿಯೋರಿಗೂ ಒಂದು, ಕೆಲವ್ರು ಬೇಗ ಸುಧಾರಿಸ್ಕೊತಾರೆ ನಿಜ. ಅದನ್ನೂ ನೋಡಿದಾರೆ, ನ್ಯೂರೋಪೆಪ್ಟೈಡ್ ವೈ ಅಂತ ಒಂದು ರಾಸಾಯನಿಕ ವಿಶೇಷ ಪಡೆಯೋರಲ್ಲಿ ಜಾಸ್ತಿ ಬಿಡುಗಡೆ ಆಗಿ ಮಾರನೇ ದಿನಕ್ಕೆ ಮೊದ್ಲಿನ ಮಟ್ಟಕ್ಕೆ ಬಂದಿತ್ತು, ಬೇರೆಯೋರಲ್ಲಿ ಖಾಲಿ ಆಗಿತ್ತು. ರಕ್ತದಲ್ಲಿರೋದನ್ನ ತಡ್ಕೊಬೇಕು ಅಂತ ಬೈದ್ರೆ ಜಾಸ್ತಿ ಮಾಡಕ್ಕಾಗಲ್ಲ ಅಲ್ವಾ.

ದರ್ಗಾಕ್ಕೆ ಹೋಗೋದಾದ್ರೆ ಹೋಗ್ಬನ್ನಿ, ಅಮ್ಮಂಗೂ ಸಮಾಧಾನ. ಅಲ್ಲಿ ಯಾರಾದ್ರೂ ಕಟ್ಟಾಕೋದು ಹೊಡೆಯೋದು ಮಾಡೋಕೆ ಬಂದ್ರೆ ಮಾತ್ರ ಆ ಕ್ಷಣವೇ ವಾಪಸ್ ಬನ್ನಿ, ಇವ್ನ ವಿಷ್ಯದಲ್ಲಿ ಅದು ಬೆಂಕಿಗೆ ಸೀಮೆಎಣ್ಣೆ.

ಶ್ರೀನಿವಾಸಪುರದಕ್ಕ
ಮಂಗಳವಾರ ರಾತ್ರಿ 9:33

ಸುಬೇದಾರ್ ಸಾರ್, ನೀವು ಕೇಳಿದ್ಮೇಲೆ ಇವತ್ತೆಲ್ಲಾ ಗಮನಿಸ್ದೆ. ಮಗು ಮಲಗಿರೋವಾಗ ತೊಟ್ಲು ಹತ್ರ ಬಂದು ನಿಂತ್ಕೊಂಡು ನೋಡ್ತಾನೆ, ತುಂಬಾ ಹೊತ್ತು. ಅಳೋಕೆ ಶುರು ಆದ್ರೆ ಸೀದಾ ಹೊರಗೆ. ರಾತ್ರಿ ಹೊತ್ತೇ ಜಾಸ್ತಿ ಅಳೋದು ಅದು. ಕೊಟ್ಟಿಗೆಗೆ ಹೋಗೋದು ಅದಕ್ಕೇನಾ? ಯಾಕೆ ಸಾರ್?

ಸುಬೇದಾರ್_ಚಿಂತಾಮಣಿ
ಮಂಗಳವಾರ ರಾತ್ರಿ 9:58

ಅನ್ಕೊಂಡೆ. ತಾಯಿ, ಆ ದೇಶಗಳ ಶಾಲೆಗಳಲ್ಲಿ ನಿದ್ದೆ ಕೆಡಿಸೋಕೆ ಸ್ಪೀಕರಲ್ಲಿ ಶಬ್ದ ಹಾಕ್ತಾರೆ ರಾತ್ರಿಯೆಲ್ಲಾ. ಹಾಡು, ಕಿರುಚಾಟ, ಅದ್ರಲ್ಲಿ ಒಂದು ಹಸುಗೂಸು ಅಳೋ ರೆಕಾರ್ಡಿಂಗು. ಅದನ್ನೇ ಮತ್ತೆ ಮತ್ತೆ. ಬೇರೆ ಯಾವ ಶಬ್ದಕ್ಕಾದ್ರೂ ಮನುಷ್ಯ ಹೊಂದ್ಕೊಂಡು ತೂಕಡಿಸ್ತಾನೆ, ಮಗು ಅಳೋದಕ್ಕೆ ಮಾತ್ರ ಹೊಂದ್ಕೊಳ್ಳಲ್ಲ, ದೇವ್ರು ಹಂಗೆ ಮಾಡವ್ನೆ ನಮ್ಮನ್ನ. ಕೈ ಕಟ್ಟಿರುತ್ತೆ, ಎತ್ಕೊಳೋಕೆ ಆಗಲ್ಲ. ನಿಮ್ ತಮ್ಮಂಗೂ ಇದೇ ಆಗಿದೆ ಅಂತ ನಾನು ಆಣೆ ಮಾಡಲ್ಲ, ಆದ್ರೆ ಒಂದ್ಸಲ ಭಾವನ ಕೈಲಿ ಮೆಲ್ಲಗೆ ಕೇಳಿಸಿ. ನೀವಲ್ಲ. ಹೆಣ್ಮಕ್ಳ ಮುಂದೆ ಇದು ಬರಲ್ಲ.

ತಿಪಟೂರ್_ಕೊಬ್ರಿ
ಬುಧವಾರ ಬೆಳಗ್ಗೆ 7:02

ಥೂ. ಸಾರಿ, ಬೇರೆ ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ನಮ್ ಹುಡುಗರನ್ನ ನಾವೇ ಹಿಂಗೆ ಮಾಡೋದ್ರಲ್ಲಿ ಏನ್ ಲಾಭ ಅಂತ ಯಾರಾದ್ರೂ ಲೆಕ್ಕ ಹಾಕವ್ರಾ? ನಂಗಂತೂ ಇದು ಟ್ರೈನಿಂಗ್ ಹೆಸ್ರಲ್ಲಿ ಹಿಂಸೆ. ಅಮೆರಿಕದೋರೇ ಇದನ್ನ ಉಲ್ಟಾ ಮಾಡಿ ಬೇರೆಯೋರ ಮೇಲೆ ಬಳಸಿದ್ರಲ್ಲ, 2001ರ ದಾಳಿ ಆದ್ಮೇಲೆ. ಸೀರ್ ಶಾಲೆಲಿ ಕೆಲ್ಸ ಮಾಡಿದ್ದ ಮಿಚೆಲ್, ಜೆಸ್ಸನ್ ಅಂತ ಇಬ್ರು ಸೈಕಾಲಜಿಸ್ಟುಗಳು, ತಮ್ಮ ಸೈನಿಕರು ತಡ್ಕೊಳೋಕೆ ಅಂತ ಕಲಿಸ್ತಿದ್ದಿದ್ದನ್ನೇ ಸಿಐಎಗೆ ವಿಚಾರಣೆ ವಿಧಾನ ಅಂತ ಮಾಡ್ಕೊಟ್ರು. 2014ರಲ್ಲಿ ಅಲ್ಲಿನ ಸೆನೆಟ್ ವರದಿ ಬಂದಾಗ ಗೊತ್ತಾಯ್ತು ಅವ್ರ ಕಂಪ್ನಿಗೆ ಕೊಟ್ಟಿದ್ದು 8 ಕೋಟಿ 10 ಲಕ್ಷ ಡಾಲರ್. ಆ ವರದಿಲೇ ಇದೆ ಅದ್ರಿಂದ ಉಪಯೋಗದ ಮಾಹಿತಿ ಸಿಗ್ಲಿಲ್ಲ ಅಂತ. ಔಷಧಿ ಅಂಗಡಿಲಿ ವಿಷ ಮಾರಿದಂಗೆ.

ಸುಬೇದಾರ್_ಚಿಂತಾಮಣಿ
ಬುಧವಾರ ಬೆಳಗ್ಗೆ 7:40

ತಿಪಟೂರ್ ತಮ್ಮ, ಸಿಟ್ಟು ನ್ಯಾಯವೇ, ಆದ್ರೆ ತರಬೇತಿನೇ ಬೇಡ ಅನ್ನೋದನ್ನ ನಾನು ಒಪ್ಪಲ್ಲ. ನಿಕ್ ರೋ ಅಂತ ಒಬ್ಬ ಇದ್ದ, ವಿಯೆಟ್ನಾಂನಲ್ಲಿ 1963ರಲ್ಲಿ ಸಿಕ್ಕಿಬಿದ್ದು ಐದು ವರ್ಷ ಬಿದಿರಿನ ಪಂಜರದಲ್ಲಿದ್ದು 1968ರ ಡಿಸೆಂಬರ್ 31ಕ್ಕೆ ತಪ್ಪಿಸ್ಕೊಂಡ. ಅಮೆರಿಕದ ಭೂಸೇನೆಗೆ ಈ ಶಾಲೆ ಕಟ್ಟಿಕೊಟ್ಟೋನು ಅವ್ನೇ. ಅನುಭವಿಸಿದೋನೇ ಬೇಕು ಅಂದಿದ್ದಾನೆ. ನಮ್ಮಲ್ಲೂ 1971ರ ಯುದ್ಧದಲ್ಲಿ ಪಾಕಿಸ್ತಾನಕ್ಕೆ ಸೆರೆ ಸಿಕ್ಕಿದ್ದ ಪಾರೂಲ್ಕರ್, 1972ರ ಆಗಸ್ಟಲ್ಲಿ ಅವ್ರು ಮತ್ತೆ ಇನ್ನಿಬ್ರು ಪೈಲಟ್‌ಗಳು ರಾವಲ್ಪಿಂಡಿ ಕ್ಯಾಂಪಿನ ಗೋಡೆ ಕೊರೆದು ಹೋದ್ರು, ಅಫ್ಘಾನಿಸ್ತಾನದ ಗಡಿ ಹತ್ರ ಲಂಡಿ ಕೋಟಲ್‌ಗೆ ಹೋಗಿ ಲಂಡಿ ಖಾನಾ ರೈಲ್ವೆ ಸ್ಟೇಷನ್ ಎಲ್ಲಿ ಅಂತ ದಾರಿ ಕೇಳಿ ಸಿಕ್ಕಿಬಿದ್ರು. ಆ ಸ್ಟೇಷನ್ ಎಷ್ಟೋ ವರ್ಷದ ಹಿಂದೆ ಮುಚ್ಚೋಗಿತ್ತು! ಗಡಿ ಕಣ್ಣೆದುರಿಗಿತ್ತು. ಏನೇ ಆಗ್ಲಿ, ಹೋಗ್ತೀನಿ ಅನ್ನೋ ಧೈರ್ಯ ಇಟ್ಕೊಂಡಿದ್ರಲ್ಲ, ಅದೇ ದೊಡ್ಡದು.

ನಾನು ಜಗಳ ಆಡೋದು ಬೇರೆ ವಿಷ್ಯಕ್ಕೆ. ಚೀಲ ತೆಗೆದ ಮೇಲೆ ಏನು ಮಾಡ್ತೀರಿ? ಒಳ್ಳೆ ಶಾಲೆಲಿ ಎಲ್ಲ ಮುಗಿದ ತಕ್ಷಣ ಶತ್ರು ವೇಷ ಹಾಕಿದ್ದೋನೇ ಬಂದು ಎದುರಿಗೆ ಕೂತು, ನೀನು ಇಲ್ಲಿ ಚೆನ್ನಾಗಿ ತಡ್ಕೊಂಡೆ, ಇಲ್ಲಿ ಜಾರಿದೆ, ಜಾರಿದ್ಮೇಲೆ ಹಿಂಗೆ ಎದ್ದೆ ಅಂತ ಒಂದೊಂದೇ ಬಿಡಿಸಿ ಹೇಳ್ಬೇಕು. ಪಕ್ಕದಲ್ಲಿ ಡಾಕ್ಟ್ರು, ಸೈಕಾಲಜಿಸ್ಟು. ಆ ಮಾತೇ ಅಸಲಿ ತರಬೇತಿ, ಮೊದ್ಲಿಂದು ಬರೀ ಪೀಠಿಕೆ. ನಮ್ ಟ್ರೈನಿಂಗ್ ಮುಗಿದ ದಿನ ವಿಪರೀತ ಮಳೆ ಇತ್ತು, ಲಾರಿ ರೆಡಿ ಇತ್ತು, ನಮ್ಮನ್ನ ಹತ್ತಿಸಿ ಕಳಿಸಿಬಿಟ್ರು. ಟೀ ಕೊಟ್ರು, ಶಾಬಾಶ್ ಅಂದ್ರು. ಅಷ್ಟೇ. ಕೆರೆ ಹೆಸ್ರು ನನ್ ಬಾಯಲ್ಲೇ ಉಳೀತು.

ವೇಷ ಹಾಕೋರ ಕತೆನೂ ಇದೆ. ಮುಂದೆ ನಾನೂ ಒಂದ್ಸಲ ಆ ಕಡೆ ನಿಂತೆ. ಮೊದಲ ದಿನ ಕೈ ನಡುಗ್ತಿತ್ತು, ಮೂರ್ನೇ ದಿನಕ್ಕೆ ಮಜಾ ಅನ್ಸೋಕೆ ಶುರು ಆಯ್ತು, ಅದು ನಂಗೇ ಗೊತ್ತಾಗಿ ಸಾಹೇಬ್ರಿಗೆ ಹೇಳಿ ಬಿಡಿಸ್ಕೊಂಡೆ. ಅಮೆರಿಕದ ಶಾಲೆಗಳಲ್ಲಿ ಸೈಕಾಲಜಿಸ್ಟು ಇರೋದು ಬರೀ ಕಲಿಯೋರನ್ನ ಕಾಯೋಕಲ್ಲ, ಈ ಕಲಿಸೋರ ಮೇಲೂ ಕಣ್ಣಿಟ್ಟಿರೋಕೆ.

ಮಧುಗಿರಿ_ಏಕಶಿಲೆ
ಬುಧವಾರ ಬೆಳಗ್ಗೆ 10:19

ಸುಬೇದಾರ್ ಸಾರ್ ಕ್ಷಮಿಸಿ, ನಾನು ಹಂಗೆ ಹೇಳ್ಬಾರ್ದಿತ್ತು. ಅಕ್ಕಾ ನೀವೂ. ಒಂದು ಡೌಟ್ ಸಾರ್, ಅಣ್ಣ ಆಸ್ಪತ್ರೆಗೆ ತೋರಿಸಿದ್ರೆ ಕೆಲ್ಸಕ್ಕೆ ತೊಂದ್ರೆ ಆಗುತ್ತಾ?

ಶ್ರೀನಿವಾಸಪುರದಕ್ಕ
ಬುಧವಾರ ಬೆಳಗ್ಗೆ 11:30

ಅದೇ ಅವ್ನ ಭಯಾನೂ. "ಡಾಕ್ಟ್ರು" ಅಂದ್ರೆ ಸಾಕು "ಕೆಟಗರಿ ಹೋಗುತ್ತೆ, ಸುಮ್ನಿರು" ಅಂತಾನೆ. ನಮಗೆ ಅರ್ಥ ಆಗಲ್ಲ.

ಸುಬೇದಾರ್_ಚಿಂತಾಮಣಿ
ಬುಧವಾರ ಮಧ್ಯಾಹ್ನ 1:12

ಸುಳ್ಳು ಭಯ ಅಂತ ಹೇಳಲ್ಲ. ಮಿಲಿಟ್ರಿಲಿ ಮೆಡಿಕಲ್ಲಿಗೆ ಶೇಪ್ ಅಂತೀವಿ, ಐದು ಅಕ್ಷರ, ಮೊದಲಿನ ಎಸ್ ಅನ್ನೋದು ಮನಸ್ಸಿಂದು, ಆಮೇಲೆ ಕಿವಿ, ಕೈಕಾಲು, ದೇಹ, ಕಣ್ಣು. ಎಲ್ಲದ್ರಲ್ಲೂ ಒಂದು ಇದ್ರೆ ಶೇಪ್ ಒನ್ನು. ಎಸ್ ಇಳಿದ್ರೆ ಲೋ ಮೆಡಿಕಲ್ ಕೆಟಗರಿ, ಪ್ರಮೋಷನ್ನು ಕೋರ್ಸು ಎಲ್ಲದಕ್ಕೂ ತಡೆ ಬರಬಹುದು. ಕಾಲು ಮುರಿದ್ರೆ ಎಲ್ರೂ ಬಂದು ಹಣ್ಣು ಕೊಟ್ಟು ಹೋಗ್ತಾರೆ, ಎಸ್ ಇಳಿದೋನ ಹತ್ರ ಬ್ಯಾರಕ್ಕಲ್ಲಿ ಯಾರೂ ಕೂರಲ್ಲ. ಅದಕ್ಕೆ ಹುಡುಗರು ಬೆನ್ನು ನೋವು ಅಂತ ಹೇಳ್ಕೊಂಡು ಹೋಗ್ತಾರೆ. ಆದ್ರೆ ಇಳಿದ ಕೆಟಗರಿ ಮತ್ತೆ ಏರುತ್ತೆ, ಟೈಮಿಗೆ ಸರಿಯಾಗಿ ಬೋರ್ಡ್ ಕೂತು ನೋಡ್ತಾರೆ. ಏರಿದೋರು ನನ್ ಕಂಪ್ನಿಲೇ ಇದ್ರು. ಬಂದೂಕು ಕೈಲಿ ಹಿಡಿಯೋ ಕೆಲ್ಸ, ಮುಚ್ಚಿಟ್ಕೊಂಡು ಹೋದ್ರೆ ಅವನೊಬ್ಬಂದೇ ಜೀವ ಅಲ್ಲ ತಾಯಿ.

ಕೋಲಾರ_ಸಿಸ್ಟರ್
ಬುಧವಾರ ಸಂಜೆ 6:50

ಮೊದ್ಲು ಫೋನಲ್ಲೇ ಶುರು ಮಾಡ್ಲಿ. ಟೆಲಿ ಮಾನಸ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಹೊತ್ತಿಲ್ಲದ ಹೊತ್ತಲ್ಲೂ ಎತ್ತುತಾರೆ. ಸೈನ್ಯದೋರಿಗೆ, ಮನೆಯೋರಿಗೆ ಅಂತ್ಲೇ 2023ರ ಡಿಸೆಂಬರಲ್ಲಿ ಪುಣೆಯ ಮಿಲಿಟ್ರಿ ಮೆಡಿಕಲ್ ಕಾಲೇಜಲ್ಲಿ ಅದರದೇ ಒಂದು ವಿಭಾಗ ಮಾಡಿದಾರೆ. ಅಕ್ಕ ನೀವೂ ಮಾಡಬಹುದು, ಹೆಸ್ರು ಹೇಳ್ಬೇಕಾಗಿಲ್ಲ. ನಿದ್ದೆ ಪೂರ್ತಿ ಕೆಟ್ಟಿದ್ರೆ, ಸಾಯೋ ಮಾತು ಬಂದ್ರೆ ಮಾತ್ರ ಫೋನು ಗೀನು ಅಂತ ಕಾಯ್ಬೇಡಿ, ಬೆಂಗ್ಳೂರಿಗೆ ಕರ್ಕೊಂಡೋಗಿ, ನಿಮ್ಹಾನ್ಸಲ್ಲಿ ಎಮರ್ಜೆನ್ಸಿ ರಾತ್ರಿನೂ ಇರುತ್ತೆ. ಮನೇಲಿ ಹಿಂದಿಂದ ಬಂದು ಮುಟ್ಟಬೇಡಿ, ಎಬ್ಬಿಸೋದಾದ್ರೆ ಬಾಗಿಲಲ್ಲೇ ನಿಂತು ಹೆಸ್ರಿಟ್ಟು ಕೂಗಿ. ಕೊಟ್ಟಿಗೆಲಿ ಮಲಗೋದನ್ನ ಬಿಡಿಸೋಕೆ ಹೋಗ್ಬೇಡಿ, ಅಲ್ಲಿ ಅವ್ನಿಗೆ ನಿದ್ದೆ ಬರ್ತಿದೆ ಅಂದ್ರೆ ಬರ್ಲಿ. ಸೊಳ್ಳೆ ಪರದೆ ಕಟ್ಕೊಡಿ ಸಾಕು.

ಶ್ರೀನಿವಾಸಪುರದಕ್ಕ
ಶನಿವಾರ ರಾತ್ರಿ 11:48

ಹೇಳೋಕೆ ತಡ ಆಯ್ತು. ಗುರುವಾರ ರಾತ್ರಿ ನಮ್ಮನೆಯವ್ರು ಸೊಳ್ಳೆ ಪರದೆ ಎತ್ಕೊಂಡು ಕೊಟ್ಟಿಗೆಗೆ ಹೋಗಿ ಅಲ್ಲೇ ಇನ್ನೊಂದು ಚಾಪೆ ಹಾಕ್ಕೊಂಡ್ರು. ಏನೂ ಕೇಳ್ಲಿಲ್ಲ. ಸುಬೇದಾರ್ ಸಾಬ್ರ ಕೆರೆ ಕತೆ ಮಾತ್ರ ಹೇಳಿದ್ರಂತೆ, ಯಾರೋ ಚಿಂತಾಮಣಿ ಕಡೆಯೋರು ಅಂತ. ಸ್ವಲ್ಪ ಹೊತ್ತು ಸುಮ್ನಿದ್ದು ನಕ್ಕನಂತೆ, ಕೆರೆ ಹೆಸ್ರಾ ಅಂತ. ಆಮೇಲೆ ಹೇಳವ್ನೆ. ಸ್ಪೀಕರ್ ವಿಷ್ಯ ನಿಜ ಸಾರ್. ಎರಡು ರಾತ್ರಿ. ಅವ್ನು ಹೇಳ್ಬಿಟ್ಟಿದ್ದು ಏನಂದ್ರೆ ಮಗುವನ್ನ ಎತ್ಕೊಳ್ಳಿ, ಯಾರಾದ್ರೂ ಎತ್ಕೊಳ್ಳಿ, ಏನ್ ಬೇಕಾದ್ರೂ ಹೇಳ್ತೀನಿ ಅಂತ, ಅಂದು ಜೊತೆಯೋನ ಸರ್ವೀಸ್ ನಂಬರು ಹೇಳಿದ್ದಾನೆ. ಆಗ ನನ್ ಮಗು ಹುಟ್ಟಿ ಮೂರು ತಿಂಗಳು, ಫೋನಲ್ಲಿ ಅಳು ಕೇಳಿಸಿದ್ದೆ ನಾನೇ, ಮಾವಂಗೆ ಹಲೋ ಹೇಳು ಅಂತ.

ನಂಬರ್ ಹೋದ ಆ ಜೊತೆಯೋನೇ ನಿನ್ನೆ ಫೋನ್ ಮಾಡಿದ್ದ, ನಮ್ಮನೆಯವ್ರು ಫೋನ್ ನಂಬರ್ ತಗೊಂಡು ಮಾಡಿಸಿದ್ದು. ಅವ್ನೂ ಇವ್ನ ಹೆಸ್ರು ಹೇಳಿದ್ನಂತೆ ಪಕ್ಕದ ರೂಮಲ್ಲಿ, ಇವನಿಗಿಂತ ಮೊದ್ಲೇ. ಇಬ್ರೂ ಒಬ್ಬರಿಗೊಬ್ರು ಬೈಕೊಂಡು ಒಂದು ಗಂಟೆ ಮಾತಾಡಿದಾರೆ.

14416ಕ್ಕೆ ಇನ್ನೂ ಮಾಡಿಲ್ಲ, ಸೋಮವಾರ ಮಾಡ್ತೀನಿ ಅಂದವ್ನೆ. ಮುರುಗಮಲ್ಲಕ್ಕೆ ಅಮ್ಮ ಒಬ್ರೇ ಹೋಗಿ ತಾಯತ ತಂದವ್ರೆ, ಕಟ್ಟಿಸ್ಕೊಂಡ. ಮಗು ಅತ್ರೆ ಈಗ್ಲೂ ಎದ್ದು ಹೋಗ್ತಾನೆ. ಇವತ್ತು ಮಾತ್ರ ಜಗಲಿ ತನಕ ಹೋಗಿ ಅಲ್ಲೇ ಕಂಬ ಹಿಡ್ಕೊಂಡು ನಿಂತಿದ್ದ, ಅಳು ನಿಲ್ಲೋ ತನಕ. ರಜ ಇನ್ನು ಒಂಬತ್ತು ದಿನ ಇದೆ.

ಮುಳಬಾಗ್ಲು_ದೋಸೆ
ಭಾನುವಾರ ಬೆಳಗ್ಗೆ 6:15

ಅಕ್ಕಾ ಆ ಕಟಿಂಗ್ ಶಾಪ್ ಹುಡುಗನ ಕೈ ಹೆಂಗಿದೆ ಈಗ?

ಶ್ರೀನಿವಾಸಪುರದಕ್ಕ
ಭಾನುವಾರ ಬೆಳಗ್ಗೆ 8:20

ಊತ ಇಳಿದಿದೆ ಅಣ್ಣ. ತಮ್ಮನೇ ಹೋಗಿ ಒಂದು ಬುಟ್ಟಿ ಬಾದಾಮಿ ಮಾವಿನಹಣ್ಣು ಕೊಟ್ಬಂದ. ಗಡ್ಡ ಮಾತ್ರ ಮನೇಲೇ ಮಾಡ್ಕೊತಾನೆ.